ಬಿಲ್ಲಿನ ತಲೆಯ ಮೇಲಿನ ಶ್ರೀ

ಜರ್ರ್, ಜರ್ರ್, ಜರ್ರ್. ಒಂದು ಗಳಿಗೆ ಉಸಿರು ಹಿಡಿದ ಹಾಗೆ ಮೌನ. ಆಮೇಲೆ ಟಕ್ ಅಂತ ಕಾಗದ ಮೇಲಕ್ಕೆ ಜಿಗಿಯುವ ಸದ್ದು. ಕಡೂರಿನ ನಮ್ಮ ಆಫೀಸಿನ ಲೈನ್ ಪ್ರಿಂಟರ್ ಹೀಗೆ ಶುರುವಾದರೆ ಎದುರಂಗಡಿಯವರು ರೇಡಿಯೋ ವಾಲ್ಯೂಮ್ ಜಾಸ್ತಿ ಮಾಡುತ್ತಿದ್ದರು. ನನಗೆ ಮಾತ್ರ ಅದು ಪ್ಯೂರ್ ಮ್ಯೂಸಿಕ್.

ಪಂಪ್‌ಸೆಟ್ಟು, ಪೈಪು, ಕೇಬಲ್ಲು ಮಾರುವ ಕಂಪನಿ ನಮ್ಮದು. ಹೆಡ್ಡಾಫೀಸು ಕಡೂರಿನಲ್ಲಿ, ಬ್ರಾಂಚುಗಳು ತರೀಕೆರೆಯಲ್ಲೂ ಅಜ್ಜಂಪುರದಲ್ಲೂ. ಬೆಂಗಳೂರಿನಲ್ಲಿ ಯಾವುದೋ ಮಿಲ್ಲು ಮುಚ್ಚಿದಾಗ ನಮ್ಮ ಯಜಮಾನರು ಅಲ್ಲಿಂದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಒಂದನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದರು. ಮನೆಮನೆಯಲ್ಲಿ ಇರುವಂಥದ್ದಲ್ಲ. ಮೂರೂ ಊರಿನ ವ್ಯಾಪಾರವನ್ನು ಒಂದೇ ಕಡೆಯಿಂದ ನಡೆಸುವ ಮಿಡ್‌ರೇಂಜ್ ಸಿಸ್ಟಮ್, ಚಿಕ್ಕ ಬೀರುವಿನಷ್ಟು ದೊಡ್ಡದು. ಕಪ್ಪು ಸ್ಕ್ರೀನು, ಹಸಿರು ಅಕ್ಷರ, ಮೌಸ್ ಅನ್ನುವುದೇ ಇಲ್ಲ. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಮ್ಯಾನ್ಯುಯಲ್ ಓದಿಕೊಳ್ಳುತ್ತಾಳೆ ಅನ್ನುವ ಒಂದೇ ಕಾರಣಕ್ಕೆ, ಟೈಪಿಸ್ಟ್ ಆಗಿದ್ದ ನನ್ನನ್ನು ಅದರ ಮುಂದೆ ಕೂರಿಸಿದರು. ಆಗಲೇ ನನ್ನ ಬೈತಲೆಯ ಹತ್ತಿರ ನರೆ ಇಣುಕುತ್ತಿತ್ತು.

ಬಿಲ್ಲಿನ ಹಾಳೆಯ ಮೇಲೆ ಯಾವುದು ಎಲ್ಲಿ ಕೂರಬೇಕು ಅನ್ನುವುದನ್ನು ತೀರ್ಮಾನಿಸುವುದು ನನ್ನ ಕೆಲಸ. ಕಂಪನಿ ಹೆಸರು, ಗಿರಾಕಿ ಹೆಸರು, ತಾರೀಖು, ಮೊತ್ತ, ಒಂದೊಂದಕ್ಕೂ ಎಷ್ಟನೇ ಸಾಲು, ಎಷ್ಟನೇ ಕಾಲಮ್ ಅಂತ ಹೇಳಬೇಕು. ಮದುವೆಮನೆಯಲ್ಲಿ ನೆಂಟರನ್ನು ಪಂಕ್ತಿಯಲ್ಲಿ ಕೂರಿಸಿದ ಹಾಗೆ. ಇವರನ್ನು ಇತ್ತ ಸರಿಸಿದರೆ ಅವರಿಗೆ ಜಾಗ ಸಾಲದು. ಲೆಟರ್ ಟೈಪ್ ಮಾಡಿ ಮಾಡಿ ಸವೆದಿದ್ದ ನನ್ನ ಬೆರಳಿಗೆ ಹೊಸ ಜೀವ ಬಂದಿತ್ತು. ಬೆಳಗ್ಗೆ ಆಫೀಸಿಗೆ ಓಡಿಕೊಂಡೇ ಹೋಗುತ್ತಿದ್ದೆ, ಬಿಲೀವ್ ಮಿ.

ಮೊದಲ ಬಿಲ್ಲು ಹೊರಗೆ ಬಂದ ದಿನ ಯಜಮಾನರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಮೇಲೆ ಶ್ರೀ ಎಲ್ಲಿದೆಯಮ್ಮಾ?"

"ಪ್ರಿಂಟರಿಗೆ ಕನ್ನಡ ಬರೋಲ್ಲ ಸರ್. ಓನ್ಲಿ ಇಂಗ್ಲಿಷ್."

"ನಿಮಗೆ ಬರುತ್ತಲ್ಲ. ಅದಕ್ಕೂ ಕಲಿಸಿ."

ಇಂಗ್ಲಿಷಿನಲ್ಲೇ ಶ್ರೀ ಅಂತ ಹಾಕಿಬಿಡಲೇ ಎಂದೆ. ಕಾಫಿಗೆ ಉಪ್ಪು ಹಾಕಿಕೊಟ್ಟವಳನ್ನು ನೋಡುವ ಹಾಗೆ ನೋಡಿದರು. ಹಾಗಾದರೆ ಪ್ರೆಸ್ಸಿನಲ್ಲಿ ಮೊದಲೇ ಶ್ರೀ ಅಚ್ಚು ಹಾಕಿಸಿದ ಕಾಗದ ತರಿಸೋಣ ಎಂದೆ.

"ದಿನಾ ಅಷ್ಟೊಂದು ಕಾಗದ ಸಿಕ್ಕಾಕ್ಕೊಂಡು ಹರಿಯುತ್ತೆ. ಶ್ರೀ ಇರೋ ಹಾಳೇನ ಕಸದ ಬುಟ್ಟಿಗೆ ಹಾಕ್ತೀರಾ? ಅವೆಲ್ಲಾ ಆಗೋಲ್ಲ. ದೀಪಾವಳಿ ಲಕ್ಷ್ಮೀಪೂಜೆಗೆ ಮೂರೂ ಅಂಗಡೀಲಿ ಮಿಷೀನೇ ಶ್ರೀ ಬರೀಬೇಕು. ಇಲ್ಲಾಂದ್ರೆ ಅದು ವಾಪಸ್ ಬೆಂಗಳೂರಿಗೆ, ನೀವು ವಾಪಸ್ ಟೈಪ್‌ರೈಟರಿಗೆ."

ಹೇಳಿದ ಮಾತು ನಡೆಸುವ ಮನುಷ್ಯ. ನನಗೆ ಅನ್ನ ಸೇರಲಿಲ್ಲ. ಟೈಪ್‌ರೈಟರ್ ಕೆಟ್ಟದ್ದೇನಲ್ಲ, ಆದರೆ ಆ ಹಸಿರು ಅಕ್ಷರಗಳನ್ನು ಬಿಟ್ಟು ಇನ್ನು ಎಲ್ಲಿಗೆ ಹೋಗಲಿ?

ದಾರಿ ತೋರಿಸಿದ್ದು ನಮ್ಮ ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸು. ಸಿಸ್ಟರ್ ನಮಗೆ ಚೌಕಳಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಹೇಳಿಕೊಟ್ಟಿದ್ದರು. ಒಂದೊಂದು ಮನೆಗೆ ಒಂದೊಂದು ಎಕ್ಸ್ ಹೊಲಿದರೆ ಗುಲಾಬಿಯೂ ಆಗುತ್ತದೆ, ಏಂಜೆಲ್ಲೂ ಆಗುತ್ತದೆ. ಶ್ರೀ ಯಾಕೆ ಆಗಬಾರದು? ಸ್ಕ್ರೀನೂ ಚೌಕಳಿಯೇ, ಎಕ್ಸ್ ಅಕ್ಷರವಂತೂ ಕೀಬೋರ್ಡಿನಲ್ಲೇ ಇದೆ! ಗ್ರಾಫ್ ಹಾಳೆಯ ಮೇಲೆ ದೊಡ್ಡದಾಗಿ ಶ್ರೀ ಬರೆದು, ಮನೆ ತುಂಬಿ, ಹಾಗೇ ಲೇಔಟಿನ ನೆತ್ತಿಗೆ ಇಳಿಸಿದೆ. ಪ್ರಿಂಟ್ ಕೊಟ್ಟೆ.

ಯಜಮಾನರು ಕತ್ತು ಓರೆ ಮಾಡಿದರು. "ಇದೇನಮ್ಮಾ, ಕೊಕ್ಕರೆ?"

ಬಟ್ಟೆಯ ಮನೆ ಚೌಕ, ಪ್ರಿಂಟರಿನ ಮನೆ ಉದ್ದುದ್ದ. ಶ್ರೀ ಎಳೆದು ನಿಲ್ಲಿಸಿದ ಹಾಗೆ ಬಂದಿತ್ತು. ಕೊಕ್ಕರೆ ಆಗಿದ್ದರಿಂದ ಅದನ್ನು ಕಸದ ಬುಟ್ಟಿಗೆ ಹಾಕಲು ಅವರ ಅಭ್ಯಂತರವಿರಲಿಲ್ಲ, ಅಷ್ಟೇ ಸಮಾಧಾನ.

ಅಡ್ಡಕ್ಕೆ ಎಕ್ಸ್‌ಗಳನ್ನು ಹೆಚ್ಚಿಸಿ ಅಗಲ ಮಾಡಿದೆ. ಈಗ ಶ್ರೀ ಮುದ್ದಾಗಿ ಬಂತು, ಆದರೆ ನೆತ್ತಿಯಲ್ಲಿ ಅಷ್ಟೊಂದು ಸಾಲು ತಿಂದು ಕೆಳಗಿನದನ್ನೆಲ್ಲಾ ತಳ್ಳಿಬಿಟ್ಟಿತ್ತು. ಮೊತ್ತ ಹೋಗಿ ಎರಡನೇ ಹಾಳೆಯಲ್ಲಿ ಒಂಟಿಯಾಗಿ ಕೂತಿತು. ಮತ್ತೆ ಪಂಕ್ತಿ ಬದಲಾಯಿಸಿದೆ. ಬಿಲ್ ನಂಬರನ್ನು ಶ್ರೀಯ ಎಡಕ್ಕೆ, ತಾರೀಖನ್ನು ಬಲಕ್ಕೆ, ವಿಳಾಸವನ್ನು ಒಂದೇ ಸಾಲಿಗೆ ಮಡಚಿದೆ. ಮೊತ್ತ ಮರಳಿ ಮನೆ ಸೇರಿತು.

ಕಡೂರು ಓಕೆ. ತರೀಕೆರೆಯಿಂದಲೂ ಓಕೆ ಅಂತ ಫೋನ್ ಬಂತು. ಅಜ್ಜಂಪುರದಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದವಳು ಒಬ್ಬ ಹುಡುಗಿ, ಬುಕ್ಕಾಂಬುಧಿ ಕಡೆಯವಳು, ಬಾಯಿ ಭಾರಿ ಜೋರು. ಅವಳು ಫೋನಿನಲ್ಲಿ ನಗು ತಡೆಯಲಾರದೆ ಒದ್ದಾಡುತ್ತಿದ್ದಳು.

"ಅಕ್ಕಾ, ಇಲ್ಲಿ ಕೋಳಿ ಕಾವಿಗೆ ಕೂತ್ಬಿಟ್ಟೈತೆ!"

"ವಾಟ್ ಕೋಳಿ?"

"ನಿಮ್ಮ ಶ್ರೀ ಕಣಕ್ಕಾ. ಯಾರೋ ಮೇಲಿಂದ ಅಮುಕಿದಂಗೈತೆ. ನಮ್ಮನೇಲಿ ಪೂಜೆ ಮಾಡೋದು ಬುದ್ಧನ್ನ, ನಂಗೇನೋ ನಡೀತೈತೆ. ಯಜಮಾನ್ರು ಬಂದು ನೋಡಿದ್ರೆ ನಿಮ್ಮ ಕಥೆ ಏನು?"

ಲಕ್ಷ್ಮೀಪೂಜೆ ಇದ್ದದ್ದೇ ಮಾರನೇ ದಿನ. ನನಗೆ ಅಳುವೇ ಬಂದುಬಿಟ್ಟಿತ್ತು. ಅವಳು ಮಾತ್ರ ಸ್ಕೇಲ್ ತಂದು ಅಳೆದಳು. ಇಂಚಿಗೆ ಕಡೂರಿಗಿಂತ ಅಲ್ಲಿ ಹೆಚ್ಚು ಸಾಲು ಬೀಳುತ್ತಿದ್ದವು. ಇಂಚಿಗೆ ಎಷ್ಟು ಸಾಲು ಅನ್ನುವುದನ್ನು ನಾನು ಲೇಔಟಿನಲ್ಲಿ ಹೇಳಿಯೇ ಇರಲಿಲ್ಲ, ಪ್ರಿಂಟರಿಗೇ ಬಿಟ್ಟಿದ್ದೆ. ಈಗ ಅದನ್ನೂ ಹೇಳಿದೆ. ಮತ್ತೆ ಕಳಿಸಿದೆ. ರಿಸೀವರ್ ಕಿವಿಗೊತ್ತಿಕೊಂಡು ಕೂತೆ.

"ಅಕ್ಕಾ, ಎದ್ದ್ ನಿಂತ್ಕೊಂತು!" ಅವಳು ಕೂಗಿದ್ದು ನಡುವೆ ಫೋನ್ ಇಲ್ಲದಿದ್ದರೂ ಕಡೂರಿಗೆ ಕೇಳಿಸುತ್ತಿತ್ತು.

ಮಾರನೇ ದಿನ ಯಜಮಾನರು ಮೊದಲ ಬಿಲ್ಲನ್ನು ಕಣ್ಣಿಗೊತ್ತಿಕೊಂಡು ಲಕ್ಷ್ಮಿಯ ಮುಂದಿಟ್ಟರು. ಹೊಗಳುತ್ತಾರೇನೋ ಅಂತ ನಾನು ಸೆರಗು ಸರಿಮಾಡಿಕೊಂಡು ನಿಂತಿದ್ದೆ.

"ಆ ದೀರ್ಘದ ಬಾಲ ಸ್ವಲ್ಪ ಉದ್ದ ಆಯ್ತು" ಅಂದು ನನ್ನ ಕೈಗೆ ಡಬಲ್ ಸ್ವೀಟ್ ಬಾಕ್ಸ್ ಇಟ್ಟರು. ಮಿಷೀನು ಉಳಿಯಿತು. ನಾನೂ ಉಳಿದೆ, ರಿಟೈರ್ ಆಗುವವರೆಗೂ. ನನ್ನ ಕುರ್ಚಿಗೆ ಯಾರು ಅಂತ ಕೇಳಿದಾಗ ಅಜ್ಜಂಪುರದವಳ ಹೆಸರು ಬಿಟ್ಟು ಬೇರೆ ಹೆಸರೇ ನನ್ನ ಬಾಯಿಗೆ ಬರಲಿಲ್ಲ.

ಅವಳನ್ನು ಕೊನೇ ಸಲ ನೋಡಿದ್ದು ಹೋದ ವರ್ಷ, ಮನೆಗೆ ಒಂದು ವಾಲ್ವ್ ಬೇಕು ಅಂತ ಕಡೂರಿನ ಅಂಗಡಿಗೆ ಹೋದಾಗ. ಆಮೇಲೆ ನನ್ನ ಮಂಡಿ ಬಸ್ಸು ಹತ್ತಲು ಒಪ್ಪಿಲ್ಲ, ಬರೀ ಫೋನೇ. ಅವಳಿಗೂ ಈಗ ಕನ್ನಡಕ, ಮಗಳು ಕಾಲೇಜಿಗೆ ಹೋಗುತ್ತಾಳೆ. ಮಿಷೀನು ಹೊಸದು, ಪ್ರಿಂಟರು ಹೊಸದು, ಬೇಕಾದ ಕನ್ನಡ ಬರುತ್ತದೆ. ಆದರೂ ಬಿಲ್ಲಿನ ಮೇಲೆ ಎಕ್ಸ್‌ಗಳದ್ದೇ ಶ್ರೀ. ಗಿರಾಕಿಗಳು ಅದು ಬದಲಾದರೆ ಡೂಪ್ಲಿಕೇಟ್ ಬಿಲ್ಲಾ ಅಂತ ಕೇಳುತ್ತಾರಂತೆ.

ಅವತ್ತು ಅವಳು ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಆ ಚೌಕ ಇದೆಯಲ್ಲ, ಕ್ಯೂಆರ್ ಕೋಡು, ಅದಕ್ಕೆ ಬಿಲ್ಲಿನಲ್ಲಿ ಜಾಗ ಹುಡುಕುತ್ತಿದ್ದಳು. ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತೆ. ಸ್ಕ್ರೀನು ನೋಡುತ್ತಿದ್ದ ಹಾಗೆ ನನ್ನ ಬೆರಳು ತಾನಾಗೇ ಎದ್ದಿತು.

"ತಾರೀಖನ್ನ ಇನ್ನೊಂಚೂರು ಬಲಕ್ಕೆ..."

"ಅಕ್ಕಾ," ಅವಳು ಕಣ್ಣು ಕೀಳದೆ ಅಂದಳು, "ಮೊದ್ಲು ನೀವು ಒಂಚೂರು ಬಲಕ್ಕೆ ಸರ್ಕೊಳಿ. ನಂಗೆ ಏನೂ ಕಾಣ್ತಿಲ್ಲ."

ಸರಿದು ಕೂತೆ. ತಾರೀಖನ್ನು ಅವಳು ಮುಟ್ಟಲೇ ಇಲ್ಲ. ವಿಳಾಸವನ್ನು ಮೇಲೆತ್ತಿ, ಅದರ ಕೆಳಗೆ ಆ ಚೌಕವನ್ನು ಇಳಿಸಿದಳು. ನನಗೆ ಹೊಳೆದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು.