ಗೋಡೆ ಬರೆದವನ ಮುಗಿಯದ ಕೇಸು

ಬೇತಮಂಗಲದಿಂದ ಬಂಗಾರಪೇಟೆವರೆಗೆ ಕದಿರಪ್ಪ ಬರೆಯದ ಗೋಡೆ ಇರಲಿಲ್ಲ. ಸಿಮೆಂಟು, ಸೀರೆ ಅಂಗಡಿ, ಚುನಾವಣೆ, ಯಾರು ಏನು ಬರೆಸಿದರೂ ಕನ್ನಡ, ತೆಲುಗು, ತಮಿಳು ಮೂರರಲ್ಲೂ ದುಂಡಗೆ ಬರೆದು, ಬೋರ್ಡು ಬರೆಯುವವರೆಲ್ಲರ ಹಾಗೆ ಕೆಳಗಿನ ಮೂಲೆಯಲ್ಲಿ ತನ್ನ ಹೆಸರು, ಮೊಬೈಲ್ ನಂಬರು ಹಾಕುತ್ತಿದ್ದ. ಮುಂದಿನ ಗಿರಾಕಿ ಬರುತ್ತಿದ್ದುದು ಆ ಮೂಲೆ ನೋಡಿಕೊಂಡೇ.

೨೦೨೧ರ ಬೇಸಿಗೆ. ಹೆಂಡತಿ ಸುಮಲತ ತುಂಬು ಬಸುರಿ. ಚಿನ್ನದ ಗಣಿ ಕಾರ್ಮಿಕರ ಉರಿಗಾಂ ಸಾಲುಮನೆಗಳಿಗೆ ವಾರಗಟ್ಟಲೆ ನೀರು ಬಂದಿರಲಿಲ್ಲ. ಸಿಟ್ಟಾಗಿದ್ದ ನಾಲ್ಕಾರು ಹುಡುಗರು ಕದಿರಪ್ಪನನ್ನು ಕರೆದೊಯ್ದು ಗಣಿಯ ಕಾಂಪೌಂಡು ಗೋಡೆ ತೋರಿಸಿದರು. 'ನೀರು ಕೊಡದ ದೇಶ ನಮ್ಮದಲ್ಲ' ಅಂತ ಬರೆಯಬೇಕಿತ್ತು. ಬರೆದ. ಬರೆದು ಮುಗಿಸಿದ ಕೈ ತನ್ನಷ್ಟಕ್ಕೇ ಮೂಲೆಗೆ ಹೋಯಿತು.

ಬೆಳಿಗ್ಗೆ ಪೊಲೀಸರು ಆ ನಂಬರಿಗೇ ಫೋನು ಮಾಡಿದರು. ಹೊಸ ಕೆಲಸ ಇರಬೇಕೆಂದು ತಲೆ ಬಾಚಿಕೊಂಡು, ಬ್ರಷ್ಷು ಸಮೇತ ಹೋದ. ರಾಜದ್ರೋಹದ ಕೇಸಾಯಿತು. ಬರೆಸಿದ ಹುಡುಗರು ಎಲ್ಲಿ ಹೋದರೋ, ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಮಗಳು ಕಲಾ ಹುಟ್ಟಿದಾಗ ಅವನು ಜೈಲಿನಲ್ಲಿದ್ದ. ಜಾಮೀನಿನ ಮೇಲೆ ಬಂದವನು ಮಗುವನ್ನು ಎತ್ತಿಕೊಳ್ಳಲೂ ಹಿಂದೆಮುಂದೆ ನೋಡಿದ.

ಮರುವರ್ಷ ಸುಪ್ರೀಂ ಕೋರ್ಟು ರಾಜದ್ರೋಹದ ಆ ಕಾನೂನಿಗೆ ತಡೆ ಕೊಟ್ಟಿತು. ಅಕ್ಕಪಕ್ಕದವರು ಸುಮಲತಳ ಬಾಯಿಗೆ ಸಕ್ಕರೆ ಹಾಕಿದರು. ಆದರೆ ತಡೆಯೆಂದರೆ ಬಿಡುಗಡೆಯಾಗಿರಲಿಲ್ಲ. ವಿಚಾರಣೆ ನಿಂತಿತು, ಕೇಸು ಹಾಗೇ ಉಳಿಯಿತು. ಬೋರ್ಡು ಬರೆಸುವ ಗಿರಾಕಿಗಳು ದೂರವಾದರು.

"ಏನ್ಲಾ ದೇಶದ್ರೋಹಿ, ನಮ್ಮಂಗ್ಡಿ ಬೋರ್ಡು ಬರ್ದು ನನ್ನೂ ಒಳಗಾಕುಸ್ತೀಯೇನ್ಲಾ?" ಎಂದು ಟೀ ಅಂಗಡಿಯ ಮುನಿಸ್ವಾಮಪ್ಪ ನಗುತ್ತಿದ್ದ. ಕದಿರಪ್ಪನೂ ಜೊತೆಗೆ ನಗುತ್ತಿದ್ದ, ಮನೆಗೆ ಬಂದು ಉಣ್ಣದೆ ಮಲಗುತ್ತಿದ್ದ. ಅವನು ಬರುವ ಬಸ್ಸು ಸ್ವಲ್ಪ ತಡವಾದರೂ ಮತ್ತೆ ಹಿಡಿದುಕೊಂಡು ಹೋದರೇನೋ ಎಂದು ಸುಮಲತ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಮಗು ಕೆಮ್ಮಿದರೂ ಏನೋ ಕೆಡುಕಾಯಿತೆಂಬ ಭಯ.

ಈ ವರ್ಷ ಒಂದು ಕಾರ್ಖಾನೆಯ ಮೇಸ್ತ್ರಿ ಸೊಣ್ಣಪ್ಪ ಅಲ್ಲೇ ಕದಿರಪ್ಪನಿಗೆ ಪೇಂಟರ್ ಕೆಲಸ ನೋಡಿದ. ಕಾಯಂ ಕೆಲಸ. ತನ್ನ ಮೇಲೆ ಯಾವ ಕೇಸೂ ಇಲ್ಲವೆಂದು ಪೊಲೀಸರ ಸರ್ಟಿಫಿಕೇಟು ತಂದರೆ ಸಾಕು. ಗಂಡಹೆಂಡತಿ ಮಗುವನ್ನು ಕಟ್ಟಿಕೊಂಡು ಅವನ ಕೇಸಿನ ವಕೀಲರಾದ ವನಿತಾ ಅವರ ಹತ್ತಿರ ಓಡಿದರು.

"ಬೇಗ ಕೇಸು ನಡ್ಸಕ್ಕೆ ಕೋರ್ಟ್ನೋರ್ಗೆ ಏಳಿ ಮೇಡಂ," ಎಂದ ಕದಿರಪ್ಪ.

"ನಡೆಸೋ ಹಾಗಿಲ್ಲಪ್ಪ. ಸುಪ್ರೀಂ ಕೋರ್ಟಲ್ಲಿ ತೀರ್ಮಾನ ಆಗೋವರೆಗೂ ಯಾರೂ ಮುಟ್ಟಲ್ಲ. ಕೇಸು ರದ್ದು ಮಾಡಿ ಅಂತ ಹೈಕೋರ್ಟಿಗೂ ಹಾಕಿದ್ದೀವಲ್ಲ, ಅಲ್ಲೂ ಅದನ್ನೇ ಕಾಯ್ತಿದ್ದಾರೆ."

ಕದಿರಪ್ಪ ಮಗುವನ್ನು ಕೆಳಗಿಳಿಸಿ ಕೈಮುಗಿದ.

"ಅಂಗಾರೆ ತಪ್ಪು ಒಪ್ಕೊಂಡ್ಬುಡ್ತೀನಿ. ಸಿಕ್ಸೆ ಕೊಡ್ಲಿ, ಒಳಗೋಗಿ ಬತ್ತೀನಿ. ಒಂದ್ಕಿತ ಮುಗ್ದೋಗ್ಲಿ ಮೇಡಂ."

ಸುಮಲತ ಅವನ ಬಾಯಿ ಮುಚ್ಚಿಸಬೇಕೆಂದು ಎದ್ದಳು. ಮುಚ್ಚಿಸಲಿಲ್ಲ. ಮೇಡಂ ಹೂಂ ಅನ್ನಲಿ ಎಂದು ತನ್ನ ಮನಸ್ಸೂ ಕಾಯುತ್ತಿದೆಯೆಂದು ಗೊತ್ತಾಗಿ ಅವಳಿಗೇ ಹೆದರಿಕೆಯಾಯಿತು.

"ಒಪ್ಪಿಕೊಳ್ಳೋಕಾದ್ರೂ ವಿಚಾರಣೆ ನಡೀಬೇಕಲ್ಲಪ್ಪ," ಎಂದರು ವನಿತಾ. ಅವರ ದನಿಯೂ ಇಳಿದಿತ್ತು.

ರಸ್ತೆಗೆ ಬರುವಷ್ಟರಲ್ಲಿ ಸೊಣ್ಣಪ್ಪನ ಫೋನು. ಕದಿರಪ್ಪ ಅದನ್ನು ಹೆಂಡತಿಯ ಕೈಗೆ ಕೊಟ್ಟು ಬಸ್ಸು ಬರುವ ಕಡೆ ತಿರುಗಿ ನಿಂತ.

"ಇಲ್ಲಣ್ಣಾ. ಬೇರೆಯೋರ್ನ ಇಟ್ಕಳಿ," ಎಂದಳು ಸುಮಲತ.

"ಅಯ್ಯೋ, ಆವಯ್ಯನಂತೋನು ನಂಗೆಲ್ಲಿ ಸಿಕ್ತಾನಮ್ಮ? ಸ್ವಲ್ಪ ದಿನ ಕಾಯೋಣ ಬುಡು. ಯಾವಾಗ ಮುಗೀತೈತಂತೆ?"

ಸುಮಲತ ಫೋನನ್ನು ಮತ್ತೆ ಗಂಡನ ಕಡೆ ಚಾಚಿದಳು.