ಅಣ್ಣನ ಎದೆಯ ಚಿತ್ರಕ್ಕೆಂದು ಕರ್ನೂಲಿಗೆ

ಆದವಾನಿಯಲ್ಲಿ ಬೆಳಗಿನ ಕರ್ನೂಲು ಬಸ್ಸು ಹತ್ತಿ ಕೂತಾಗ ಅಣ್ಣ, ಹೆಂಗಸರಿಗೆಂದು ನನಗೆ ಕೊಟ್ಟ ಸೊನ್ನೆ ಟಿಕೆಟ್ ನೋಡಿ ಗೊಣಗಿದ: "ನಿನಗ ಪುಕ್ಕಟೆ, ನನಗ ಪೂರಾ ಚಾರ್ಜು. ರೋಗ ಇಲ್ಲದಾಂವನ್ನ ದವಾಖಾನಿಗೆ ಕರ್ಕೊಂಡು ಹೊಂಟೀದಿ, ಮ್ಯಾಲ ಈ ದಂಡ ಬ್ಯಾರೆ." ನಾನು ನಕ್ಕೆ.

ಅಣ್ಣ ಶರಣಪ್ಪ ಹತ್ತಿ ವ್ಯಾಪಾರಿ, ಅರವತ್ತು ದಾಟಿದವನು. ಜಿನ್ನಿಂಗ್ ಮಿಲ್ಲಿನೊಳಗೆ ಕಡ್ಡಿ ಗೀರುವಂತಿಲ್ಲ. ಹಾಗಾಗಿ ಗಳಿಗೆಗೊಮ್ಮೆ ಗೇಟಿನಾಚೆ ಹೋಗಿ ಸಿಗರೇಟು ಸೇದಿ ಬರುವುದು ಅವನ ನಲವತ್ತು ವರ್ಷದ ರೂಢಿ. ಹತ್ತಿಗೆ ಕಿಡಿ ತಾಗಬಾರದೆಂದು ಇಷ್ಟು ಕಾಳಜಿ ಮಾಡುವವನು ತನ್ನ ಎದೆಯನ್ನು ಮರೆತೇಬಿಟ್ಟಿದ್ದ. ಇಷ್ಟು ವರ್ಷ ಸೇದಿದವರು ಕೆಮ್ಮು ಬರುವ ಮೊದಲೇ ಶ್ವಾಸಕೋಶದ ಸ್ಕ್ಯಾನ್ ಮಾಡಿಸಬೇಕು, ಕ್ಯಾನ್ಸರ್ ಇದ್ದರೆ ಚಿಕ್ಕದಿರುವಾಗಲೇ ಸಿಕ್ಕೀತು ಎಂದು ನಮ್ಮೂರ ಡಾಕ್ಟರು ಹೇಳಿದ್ದರು. ಬೆನ್ನು ಬಿದ್ದು ಬಿದ್ದು ಅಂತೂ ಹೊರಡಿಸಿದ್ದೆ.

ಚಳಿಯಿತ್ತು. ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಮಾರುಕಟ್ಟೆಯ ಕಡೆಗೆ ಎದುರಾಗುತ್ತಿದ್ದವು. ರಸ್ತೆ ಬದಿಯ ಜಾಲಿಗಿಡಗಳಿಗೆಲ್ಲ ಅರಳೆ ಅಂಟಿತ್ತು. ಎಮ್ಮಿಗನೂರಿನಲ್ಲಿ ಬಸ್ಸು ನಿಂತಿದ್ದೇ ತಡ, ಅಣ್ಣ ಇಳಿದು ಸಿಗರೇಟು ಹಚ್ಚಿದ. ನಾನು ಕಿಟಕಿಯಲ್ಲಿ ಕಾದೆ. ಅವನ ಜೊತೆ ಎಲ್ಲಿಗೆ ಹೋದರೂ ನನ್ನ ಪಾಲಿಗೆ ಇದೇ ಕಿಟಕಿ. ಮರಳುವಾಗ ಮಂಡಕ್ಕಿ ಉಗ್ಗಾಣಿ, ಮಿರ್ಚಿಯ ಪೊಟ್ಟಣ ತಂದುಕೊಟ್ಟ, ಹೊಗೆ ವಾಸನೆ ಸಮೇತ.

ಸುಮಾರು ನೂರು ಕಿಲೋಮೀಟರು ಬಂದು ಕರ್ನೂಲು ತಲುಪುವಾಗ ಬಿಸಿಲೇರಿತ್ತು. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಅಣ್ಣ ಗಡಿಯಾರ ತೆಗೆದ, ಬೆಲ್ಟು ತೆಗೆದ. ಕೊರಳಿನ ಬೆಳ್ಳಿ ಕರಡಿಗೆಯ ಸರದಿ ಬಂದಾಗ ಗಟ್ಟಿಯಾಗಿ ನಿಂತುಬಿಟ್ಟ. ಅದರೊಳಗಿರುವುದು ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಅದನ್ನು ಮೈಯಿಂದ ಅಗಲಿಸಿದವನಲ್ಲ ಅವನು. ಎದೆಯ ಮೇಲೆ ಬೆಳ್ಳಿ ಇದ್ದರೆ ಚಿತ್ರ ಕೆಡುತ್ತದೆ ಎಂದು ಸ್ಕ್ಯಾನ್ ಮಾಡುವ ಹುಡುಗಿ ತೆಲುಗಿನಲ್ಲಿ ತಿಳಿಸಿದಳು.

"ಲಿಂಗ ತಗದಿಟ್ಟು ಮಲಗಾಂವಲ್ಲ ನಾ. ನಡಿ ತಂಗೆವ್ವ, ಊರಿಗೆ ಹೋಗಮ" ಎಂದ ಅಣ್ಣ.

ಇವತ್ತು ತಿರುಗಿ ಹೋದರೆ ಅವನು ಮತ್ತೆಂದೂ ಬರುವವನಲ್ಲ. ಹುಡುಗಿ ಸಿಡುಕಲಿಲ್ಲ. "ಏಂ ಕಾದು ಪೆದ್ದಾಯನಾ", ಏನೂ ಆಗುವುದಿಲ್ಲ ಹಿರಿಯರೇ ಎಂದು ಸಮಾಧಾನ ಹೇಳಿ, ಸೂಜಿ ಇಲ್ಲ, ನೋವಿಲ್ಲ, ಸುಮ್ಮನೆ ಹೀಗೆ ಮಲಗಿದರಾಯಿತು ಎಂದು ತನ್ನೆರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ ತೋರಿಸಿದಳು.

ಆ ಕೈ ನೋಡಿದ್ದೇ ನನಗೆ ಹೊಳೆಯಿತು. "ಯಣ್ಣ, ದಿನಾ ಪೂಜಾಕ ಎಡಗೈಯಾಗ ಲಿಂಗ ಹಿಡಿತೀ ಅಲ್ಲ? ಹಂಗ ಹಿಡಕೊಂಡು ಮಲಗು. ಕೈ ಹೆಂಗೂ ಎದಿಮ್ಯಾಗ ಇರಂಗಿಲ್ಲ."

ಆಕೆ ತೆಲುಗಿನಲ್ಲಿ ಕೇಳಿ ತಿಳಿದುಕೊಂಡು, ಅಂಗೈ ಚಿತ್ರದೊಳಗೆ ಬರುವುದಿಲ್ಲ, ಅಡ್ಡಿಯಿಲ್ಲ ಎಂದಳು. ಅಣ್ಣ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎಡಗೈಯಲ್ಲಿ ಹಿಡಿದು, ಖಾಲಿ ಕರಡಿಗೆಯನ್ನು ನನ್ನ ಕೈಗಿತ್ತು ಒಳಗೆ ಹೋದ. ಉಸಿರು ಹಿಡಿಯಿರಿ ಎಂದದ್ದು ಹೊರಗೂ ಕೇಳಿಸಿತು. ನಾನೂ ಹಿಡಿದೆ.

ಮಧ್ಯಾಹ್ನ ಡಾಕ್ಟರು ಚಿತ್ರ ತೋರಿಸಿದರು. ಚಿಕ್ಕ ಚುಕ್ಕೆಯೊಂದಿದೆ, ಹೆದರುವಂಥದ್ದಲ್ಲ, ವರ್ಷ ಬಿಟ್ಟು ಮತ್ತೆ ಬನ್ನಿ, ಸಿಗರೇಟು ಮಾತ್ರ ಇವತ್ತೇ ಬಿಡಿ ಎಂದರು. ನನಗೆ ಅಳು ಬಂತು. ಸ್ಕ್ಯಾನ್ ಕೋಣೆಗೆ ಹೋಗಿ ಆ ಹುಡುಗಿಯ ಕೈ ಹಿಡಿದುಕೊಂಡೆ. "ನಿನ್ನ ಹೊಟ್ಟಿ ತಣ್ಣಗಿರಲಿ ತಾಯಿ" ಎಂದೆ. ಆಕೆಗೆ ಕನ್ನಡ ಎಷ್ಟು ತಿಳಿಯಿತೋ, ನಕ್ಕಳು.

ಸಂಜೆಯ ಬಸ್ಸು ಎಮ್ಮಿಗನೂರಿನಲ್ಲಿ ನಿಂತಿತು. ಗಂಡಸರೆಲ್ಲ ಇಳಿದರು. ಅಣ್ಣ ಏಳಲಿಲ್ಲ.

"ನೀನ ಇಳದು ಚಾ ತಗೊಂಬಾ ತಂಗೆವ್ವ. ನಾ ಇಳದ್ರ ಕೈ ಸುಮ್ಕ ಇರಂಗಿಲ್ಲ."

ಇಳಿದೆ. ಎರಡು ಚಹಾ ಹಿಡಿದು ತಿರುಗಿ ನೋಡಿದರೆ, ನನ್ನ ಕಿಟಕಿಯಲ್ಲಿ ಅಣ್ಣ ಕೂತಿದ್ದ. ಅಂಗಿಯ ಮೇಲಿಂದಲೇ ಕರಡಿಗೆಯನ್ನು ಎಡಗೈಯಲ್ಲಿ ಬಿಗಿಹಿಡಿದು, ನಾನು ಬರುವ ದಾರಿ ಕಾಯುತ್ತಿದ್ದ.