ಅನುಮಾನದಲ್ಲಿ ಎತ್ತಿದ ಕೈ

ಮಿಸ್ ವರ್ಡೆಲ್ ಟೂಮರ್ ಎದುರು ಆಲೂಗಡ್ಡೆ ಸಲಾಡ್ ತಂದಿಟ್ಟರೆ ಅವರು ಮೊದಲು ಎತ್ತುವುದು ಚಮಚವನ್ನಲ್ಲ, ಹುಬ್ಬನ್ನು. "ಯಾರು ಮಾಡಿದ್ದು ಇದು?" ಮಾಡಿದವಳ ಹೆಸರು ಹೇಳಿದರೆ ಸಾಲದು. ಅವಳ ಮನೆಯಲ್ಲಿ ಬೆಕ್ಕಿದೆಯೋ, ಇದ್ದರೆ ಅದು ಅಡುಗೆಕಟ್ಟೆ ಹತ್ತುತ್ತದೆಯೋ, ಅದೂ ಗೊತ್ತಾಗಬೇಕು. ಅಟ್ಲಾಂಟಾದ ನಮ್ಮ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಯಾರದಾದರೂ ಮಣ್ಣು ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಊಟವಾಗುತ್ತದೆ. ಮಿಸ್ ವರ್ಡೆಲ್ ತಟ್ಟೆಗೆ ಏನೇನು ಹಾಕಿಕೊಂಡರೆಂದು ನೋಡಿಕೊಂಡೇ ಉಳಿದವರು ಬಡಿಸಿಕೊಳ್ಳುವುದು. ನಾನೂ ಅಷ್ಟೇ. ಅವರ ಅನುಮಾನದ ಕೃಪೆಯಿಂದ ಇಷ್ಟು ವರ್ಷ ನನ್ನ ಹೊಟ್ಟೆ ಕೆಟ್ಟಿಲ್ಲ.

ಅರ್ಧ ಆಯುಷ್ಯ ಸಿಟಿ ಬಸ್ಸು ಓಡಿಸಿದವರು. ಮೇಲಿನ ಕನ್ನಡಿಯಲ್ಲಿ ಜನರ ಮೇಲೆ ಕಣ್ಣಿಟ್ಟು ಅಭ್ಯಾಸವಾಗಿ, ಎದುರಿಗೆ ಕೂತವರನ್ನೂ ಹಿಂದಿನ ಸೀಟಿನಲ್ಲಿ ಏನೋ ಬಚ್ಚಿಟ್ಟವರಂತೆ ನೋಡುತ್ತಾರೆ. ಮಿಸ್ ಎನ್ನುವುದು ನಮ್ಮಲ್ಲಿ ಹಿರಿಯ ಹೆಂಗಸರಿಗೆಲ್ಲ ಸಲ್ಲುವ ಗೌರವ, ಮದುವೆ ಆಗಿತ್ತು. ದಿವಂಗತ ಪತಿ ಅರ್ಸ್ಕಿನ್ "ನನ್ನ ಮದುವೆಯಾಗ್ತೀಯಾ?" ಎಂದಾಗ "ಯಾಕೆ?" ಎಂದರಂತೆ. ಆ ಮನುಷ್ಯ ಇವರು ಒಪ್ಪುವಂಥ ಉತ್ತರ ಹುಡುಕಿ ತರುವಷ್ಟರಲ್ಲಿ ಒಂದು ಚಳಿಗಾಲವೇ ಕಳೆದಿತ್ತು.

ಭಾನುವಾರ ಮಾತ್ರ ಅವರಿಗೆ ಬಾಯಿಯೇ ಇಲ್ಲ. ಅವರು ಚರ್ಚಿನ ಅಷರುಗಳ ಮುಖ್ಯಸ್ಥೆ. ದೇವಸ್ಥಾನದ ದ್ವಾರಪಾಲಕರ ಕೆಲಸವೇ, ಗದೆ ಒಂದಿಲ್ಲ. ಬಿಳಿ ಸಮವಸ್ತ್ರ, ಬಿಳಿ ಕೈಗವಸು, ಬೆನ್ನ ಹಿಂದೆ ಮಡಿಸಿದ ಎಡಗೈ. ಬಾಗಿಲಲ್ಲಿ ನಿಂತ ಅಷರ್ ಮಾತಾಡುವಂತಿಲ್ಲ, ಎಲ್ಲ ಕೈಸನ್ನೆಯಲ್ಲೇ. ಎರಡು ಬೆರಳು ತೋರಿಸಿದರೆ ಎರಡನೇ ಬೆಂಚು. ಬಲಗೈ ಎತ್ತಿ ಅಂಗೈ ತೋರಿಸಿದರೆ ಪ್ರಾರ್ಥನೆ ನಡೆಯುತ್ತಿದೆ, ನಿಂತಲ್ಲೇ ನಿಲ್ಲಿ ಎಂದರ್ಥ. ಆ ಅಂಗೈ ಮುಂದೆ ಮೇಯರೂ ನಿಂತದ್ದುಂಟು. ನನಗೆ ಪಾಠ ಹೇಳಿದ ಕಾನ್ವೆಂಟಿನ ಸಿಸ್ಟರುಗಳು ಕಣ್ಣಲ್ಲೇ ಹೆದರಿಸುತ್ತಿದ್ದರು. ಆದರೆ ಈ ಸಿಸ್ಟರ್ ವರ್ಡೆಲ್ ಮುಂದೆ ಅವರೆಲ್ಲ ಶಿಶುವಿಹಾರ.

ಇಂಥ ಬಾಗಿಲಿಗೆ ಸಿನಿಮಾ ಬಂತು. ತಂದವನು ನಗೆನಟ ಲಮಾಂಟ್ ಗ್ಯಾಡಿ, ನಮ್ಮ ಚರ್ಚಿನಲ್ಲೇ ಬೆಳೆದವನು. ಸಾಮಾನ್ಯ ಜನ ಹೊಟ್ಟೆಪಾಡಿಗಾಗಿ ಹೊಟ್ಟೆ ಕಟ್ಟುತ್ತಾರೆ. ಇವನು ಸ್ಪಂಜಿನ ಹೊಟ್ಟೆ ಕಟ್ಟಿಕೊಂಡೇ ದೊಡ್ಡ ಮನುಷ್ಯನಾದ. ಹೊಟ್ಟೆಗೆ ತಕ್ಕ ಎದೆ, ಹಿಂಭಾಗ, ನರೆತ ವಿಗ್, ಹೂವಿನ ಗೌನು. ಪಾತ್ರದ ಹೆಸರು ಬಿಸ್ಕೆಟ್ ಅಜ್ಜಿ. ಅವಳು ಕತ್ತು ಕುಣಿಸುತ್ತಾಳೆ, ಬೆರಳು ಆಡಿಸುತ್ತಾಳೆ, ಊರು ಕೇಳುವಂತೆ ಕಿರುಚುತ್ತಾಳೆ, ಗಂಡಸರನ್ನು ಅಟ್ಟಾಡಿಸುತ್ತಾಳೆ, ಕುರ್ಚಿ ಮುರಿಯುತ್ತಾಳೆ. ನಗೆಚಿತ್ರಗಳಲ್ಲಿ ನಮ್ಮ ಕರಿಯ ಹೆಂಗಸರಿಗೆ ಸಿಗುವ ಉದ್ಯೋಗವೇ ಇಷ್ಟು. ಇದರಲ್ಲಿ ಅದನ್ನೂ ಗಂಡಸೊಬ್ಬ ಕಿತ್ತುಕೊಂಡಿದ್ದ.

"ನಗು ಬಂದ್ರೆ ನಗೋದಪ್ಪ," ಎನ್ನುತ್ತಿದ್ದರು ಸಿಸ್ಟರ್ ಓಜೆಲಾ. ನಮ್ಮ ಚರ್ಚಿನಲ್ಲಿ ಹೆಂಗಸರೆಲ್ಲ ಸಿಸ್ಟರುಗಳೇ. ಇವರೂ ಅಷರ್, ಮಿಸ್ ವರ್ಡೆಲ್ ಬಲಗೈ.

"ನಗು. ಆದ್ರೆ ಅವಳ ನಡಿಗೆ ನೋಡಿದ್ಯಾ? ಬಲಗಡೆ ಸೊಂಟ ಎಸ್ಕೊಂಡು ಬರ್ತಾಳಲ್ಲ? ಅದು ನಂದು."

ಬಸ್ಸಿನ ಸೀಟು ಮಿಸ್ ವರ್ಡೆಲ್‌ಗೂ ಅಂಥದೊಂದು ವಾಲಾಟ ಕೊಟ್ಟಿದ್ದು ನಿಜ.

"ಆ ನಡಿಗೆ ಒಂದ್ಸಲ ನಮ್ಮ ಚರ್ಚಿನ ಒಳಗೆ ಬಂದು ಪಿಕ್ಚರಲ್ಲಿ ಸೇರ್ಕೊಳ್ತು ಅನ್ನು. ಆಮೇಲೆ ಸಾಯೋವರೆಗೂ ನಾನು ಕಾಣಿಕೆ ತಟ್ಟೆ ಹಿಡ್ಕೊಂಡು ನಡೆದಾಗೆಲ್ಲ ಈ ಬೆಂಚುಗಳು ನಗ್ತವೆ."

ಹೊಸ ಚಿತ್ರದ ಒಂದು ದೃಶ್ಯವನ್ನು ನಮ್ಮ ಚರ್ಚಿನಲ್ಲೇ ತೆಗೆಯಲು ಪಾಸ್ಟರ್ ಆಗಲೇ ಒಪ್ಪಿಗೆ ಕೊಟ್ಟಾಗಿತ್ತು. ಚಿತ್ರೀಕರಣಕ್ಕೆ ಮುಂಚೆ ಲಮಾಂಟ್ ಒಂದು ಸಿಹಿಗೆಣಸಿನ ಪೈ ಹಿಡಿದುಕೊಂಡು ಮಿಸ್ ವರ್ಡೆಲ್ ಮನೆಗೆ ಬಂದ. ನಾನು ಅಲ್ಲೇ ಇದ್ದೆ.

"ಬಾ ಮಗಾ, ಕೂತ್ಕೋ. ಏನು ಬೇಕಾಗಿತ್ತು?"

"ಏನೂ ಇಲ್ಲ ಮಿಸ್ ವರ್ಡೆಲ್. ಸುಮ್ನೆ ನೋಡ್ಕೊಂಡು ಹೋಗೋಣ ಅಂತ."

"ಸುಮ್ನೆ ಬರೋರು ಪೈ ತರ್ತಾರಾ? ಯಾರು ಮಾಡಿದ್ದು?"

"ಅಂಗಡೀದು."

"ಅಲ್ಲಿಗೆ, ಮಾಡಿದೋಳು ಯಾರು ಅಂತ್ಲೂ ಗೊತ್ತಿಲ್ಲ." ಪೈಯನ್ನು ಮೇಜಿನ ಆಚೆ ತುದಿಗೆ ತಳ್ಳಿದರು. "ಆ ಬಿಸ್ಕೆಟ್ ಅಜ್ಜಿ ನಡಿಗೆ ಯಾರದು?"

"ಯಾರದೂ ಅಲ್ಲ. ನಾನೇ ಹುಟ್ಟಿಸಿದ್ದು."

"ನಿನ್ನ ಹುಟ್ಟಿಸಿದೋರಿಗೇ ಸುಳ್ಳು ಹೇಳ್ತಿದ್ದೋನು ನೀನು. ನನಗೆ ನಿಜ ಹೇಳ್ತೀಯಾ?"

ಅವನು ನಕ್ಕ. ಹಲ್ಲು ಬಹಳ ಬೆಳ್ಳಗಿತ್ತು. ಅದರ ಮೇಲೂ ಅವರಿಗೆ ಅನುಮಾನ ಬಂದಂತಿತ್ತು. ಅವನು ಇದ್ದಷ್ಟು ಹೊತ್ತೂ ಮಿಸ್ ವರ್ಡೆಲ್ ಕುರ್ಚಿ ಬಿಟ್ಟು ಏಳಲಿಲ್ಲ. ಕಾಫಿ ತಂದದ್ದು ನಾನು, ಬಾಗಿಲ ತನಕ ಕಳಿಸಿಬಂದದ್ದೂ ನಾನೇ.

"ಕಾಲು ನೋವಾ?" ಎಂದು ಆಮೇಲೆ ಕೇಳಿದೆ.

"ಕಾಲು ಗಟ್ಟಿಯಾಗಿದೆ. ಅವನೆದುರಿಗೆ ಎದ್ದು ನಡೆದ್ರೆ ಇನ್ನೊಂದು ಪಿಕ್ಚರಿಗೆ ಸಾಮಾನು ಕೊಟ್ಟ ಹಾಗಾಗತ್ತೆ."

ಆದರೂ ಚಿತ್ರೀಕರಣದ ದಿನ ಬಾಗಿಲಲ್ಲಿ ನಿಲ್ಲಲು ಒಪ್ಪಿಕೊಂಡರು. ಬೇರೆ ಯಾರನ್ನೋ ನಿಲ್ಲಿಸಿದರೆ ಒಳಗೆ ಏನು ಹೋಗುತ್ತದೋ ಯಾರಿಗೆ ಗೊತ್ತು? ಬೆಂಚುಗಳ ತುಂಬ ನಮ್ಮವರೇ, ಹಬ್ಬದ ಟೋಪಿಗಳಲ್ಲಿ. ಟೋಪಿ ತಿರುಗಿಸಿ ಹಾಕಿಕೊಂಡಿದ್ದವನು ನಿರ್ದೇಶಕ ಒಬ್ಬನೇ, ಕ್ಯಾಲಿಫೋರ್ನಿಯಾದ ಬಿಳಿಯ. ಅವನು ಮಿಸ್ ವರ್ಡೆಲ್‌ಗೆ ವಿವರಿಸಿದ: ಎಲ್ಲರೂ ಪ್ರಾರ್ಥಿಸುವಾಗ ಅಜ್ಜಿ ನುಗ್ಗುತ್ತಾಳೆ, ನೀವು ಸೊಂಟದ ಮೇಲೆ ಕೈಯಿಟ್ಟು, ಕತ್ತು ಹೀಗೆ ಕುಣಿಸಿ, ಜೋರಾಗಿ ಬಯ್ಯಬೇಕು.

"ನನ್ನ ಕತ್ತು ಇದ್ದ ಕಡೆ ಸರಿಯಾಗೇ ಇದೆ. ಬಾಗಿಲಲ್ಲಿ ನಾವು ಮಾತಾಡಲ್ಲ."

"ಆದ್ರೆ ಇದು ಕಾಮಿಡಿ ಮೇಡಂ."

"ಕಾಮಿಡೀಲೂ ಮಾತಾಡಲ್ಲ."

ಸರಿ, ಸುಮ್ಮನೆ ನಿಂತಿರಿ ಎಂದು ಅವನು ಕೈಬಿಟ್ಟ. ಅವನ ನಿಜವಾದ ತಪ್ಪು ಬೇರೆಯದು: ಪ್ರಾರ್ಥನೆಯ ನಟನೆಯನ್ನು ನಮ್ಮ ಡೀಕನ್ ರೂಫಸ್‌ಗೆ ವಹಿಸಿದ್ದ. ಚರ್ಚಿನ ಹಿರಿಯರಾದ ಅವರು ಪ್ರಾರ್ಥನೆ ಮಾಡಬಲ್ಲರು. ಮಾಡಿದಂತೆ ಮಾಡಲು ಅವರಿಗೆ ಬಾರದು. ಕಣ್ಣು ಮುಚ್ಚಿದ್ದೇ ತಡ, ನಿಜವಾಗಿಯೇ ಶುರು ಹಚ್ಚಿದರು. ಒಂದೊಂದಾಗಿ ಟೋಪಿಗಳು ಬಗ್ಗಿದವು. "ಹೌದು ಸ್ವಾಮಿ" ಎಂದು ಹಿಂದಿನಿಂದ ಯಾರೋ ದನಿಗೂಡಿಸಿದರು.

ಬಾಗಿಲು ದಡಾರನೆ ತೆರೆಯಿತು. ಬಿಸ್ಕೆಟ್ ಅಜ್ಜಿ ಬಲಸೊಂಟ ಎಸೆದುಕೊಂಡು ಬಾಯಿ ತೆರೆದೇ ನುಗ್ಗಿದಳು.

ಮಿಸ್ ವರ್ಡೆಲ್ ಬಲಗೈ ಮೇಲೆದ್ದಿತು.

ಲಮಾಂಟ್ ನಿಂತುಬಿಟ್ಟ. ಕಿರುಚಲು ತೆರೆದ ಬಾಯಿ ಮುಚ್ಚಿಕೊಂಡಿತು, ಕೈಗಳು ತಾವಾಗಿ ಸ್ಪಂಜಿನ ಹೊಟ್ಟೆಯ ಮೇಲೆ ಕಟ್ಟಿಕೊಂಡವು, ವಿಗ್ಗಿನ ತಲೆ ಬಾಗಿತು. ಆ ಅಂಗೈ ಕೆಳಗೆ ಬೆಳೆದವನಲ್ಲವೇ. "ಕಟ್!" ಎಂದ ನಿರ್ದೇಶಕ. ಯಾರೂ ಕದಲಲಿಲ್ಲ, ಪ್ರಾರ್ಥನೆ ಮುಗಿದಿರಲಿಲ್ಲ. ಡೀಕನ್ ಆಸ್ಪತ್ರೆಯಲ್ಲಿರುವವರನ್ನು ಮುಗಿಸಿ ಸೆರೆಮನೆಯಲ್ಲಿರುವವರಿಗೆ ಬಂದಿದ್ದರು. ಪ್ರಯಾಣಿಕರು, ಸೈನಿಕರು, ಲೈಟು ಹಿಡಿದು ನಿಂತಿದ್ದ ಹುಡುಗರು ಇನ್ನೂ ಬಾಕಿ.

ಅಷ್ಟು ಹೊತ್ತೂ ಮಿಸ್ ವರ್ಡೆಲ್ ಅವನನ್ನು ಮೇಲಿಂದ ಕೆಳಗೆ ನೋಡಿದರು. ಸರಪಣಿ ಕಟ್ಟಿದ ಕನ್ನಡಕ. ವಾಚಿನ ಪಟ್ಟಿಗೆ ಸಿಕ್ಕಿಸಿದ ಕರವಸ್ತ್ರ. ನಿಂತಾಗಲೂ ಎಡಗಾಲಿಗೇ ಭಾರ. ಅವರ ಮುಖ ಬದಲಾದದ್ದನ್ನು ನಾನು ಕೊನೆಯ ಬೆಂಚಿನಿಂದ ಕಂಡೆ.

ಆಮೆನ್ ಆಯಿತು. ಅವರು ಅವನ ತೋಳು ಹಿಡಿದು ಹೊರಗಿನ ಮೊಗಸಾಲೆಗೆ ಎಳೆದುಕೊಂಡು ಹೋದರು. ಅಲ್ಲಿ ಅಷರ್ ಮಾತಾಡಬಹುದು. ಓಜೆಲಾ, ನಾನು ಹಿಂದೆಯೇ ಓಡಿದೆವು.

"ಇದು ನಾನಲ್ಲ. ಇದು ಲುಬರ್ಟಾ."

ಲುಬರ್ಟಾ ಅವನನ್ನು ಸಾಕಿದ ಅಜ್ಜಿ. ಶಾಲೆಯ ಅಡುಗೆಮನೆಯಲ್ಲಿ ನಿಂತೇ ದುಡಿದು ಸೊಂಟ ಸವೆಸಿಕೊಂಡು, ತೀರಿಕೊಳ್ಳುವ ತನಕ ನಮ್ಮ ಎರಡನೇ ಬೆಂಚಿನ ತುದಿಯಲ್ಲಿ ಕೂತವರು.

"ಪ್ರೀತಿಯಿಂದ ಮಾಡಿದ್ದು ಮಿಸ್ ವರ್ಡೆಲ್," ಎಂದ ಲಮಾಂಟ್. "ನಮ್ಮಜ್ಜಿನ ಎಲ್ರೂ ನೋಡ್ಲಿ ಅಂತ."

"ನಿಮ್ಮಜ್ಜಿ ಕಿರುಚ್ತಿದ್ಲಾ?"

"ಇಲ್ಲ ಮೇಡಂ."

"ಗಂಡಸರ ಹಿಂದೆ ಓಡ್ತಿದ್ಲಾ?"

"ಇಲ್ಲ."

"ಮತ್ತೆ ಅವಳದು ಅಂತ ಏನು ತಗೊಂಡೆ ನೀನು? ನೋವು ಒಂದೇ. ನಿನ್ನ ಎತ್ಕೊಂಡು ಬರ್ತಿದ್ದಿದ್ದು ಆ ಸೊಂಟದ ಮೇಲೇ ಕಣೋ. ನೀನೂ ಏನು ಹಗುರ ಇರ್ಲಿಲ್ಲ."

ಒಳಗಿನಿಂದ ನಿರ್ದೇಶಕ ಕೂಗಿದ. ಲಮಾಂಟ್ ವಿಗ್ ಸರಿಮಾಡಿಕೊಂಡು ಹೋದ.

"ನಿನ್ನ ನಡಿಗೆ ಅಲ್ವಲ್ಲ, ಸಮಾಧಾನ ಆಯ್ತಾ?" ಎಂದರು ಓಜೆಲಾ.

"ನಂದಾಗಿದ್ರೆ ಬೈದು ಬಿಡ್ತಿದ್ದೆ," ಎಂದರು ಮಿಸ್ ವರ್ಡೆಲ್. ಕೈಗವಸು ಎಳೆದುಕೊಂಡು, "ಅಂದ ಹಾಗೆ, ನನ್ನ ನಡಿಗೇಲಿ ಅಂಥ ಕಮ್ಮಿ ಏನಿತ್ತಂತೆ ಅವನಿಗೆ?"

ಎರಡನೇ ಸಲಕ್ಕೆ ಡೀಕನ್ ಬದಲು ಬಾಡಿಗೆ ನಟನೊಬ್ಬ ತುಟಿ ಆಡಿಸಿದ. ಅದು ಪ್ರಾರ್ಥನೆಯಲ್ಲವಾದ್ದರಿಂದ ತಡೆಯುವ ನಿಯಮವಿಲ್ಲ. ಲಮಾಂಟ್ ಅದೇ ಸೊಂಟ ಎಸೆದುಕೊಂಡೇ ಬಂದ, ಕಸುಬು ಕಸುಬೇ. ಮಿಸ್ ವರ್ಡೆಲ್ ದಾರಿ ಬಿಟ್ಟರು. ಬಂದವರನ್ನು ಕೂರಿಸುವುದು ಅಷರ್ ಧರ್ಮ. ಅವನ ಮುಖದೆದುರು ಎರಡು ಬೆರಳೆತ್ತಿ, ಎರಡನೇ ಬೆಂಚಿನ ತುದಿಯ ಕಡೆ ಕೈ ಚಾಚಿದರು. ಬೆಂಚು ಹತ್ತಿ ಕುಣಿಯಬೇಕಾಗಿದ್ದವನು ಅಲ್ಲಿಗೆ ಹೋಗಿ ಕೂತ. ಕೂತೇ ಇದ್ದ. ಆ ದಿನ ನಮ್ಮ ಚರ್ಚಿನಲ್ಲಿ ಕಿರುಚಿದ್ದು ನಿರ್ದೇಶಕನೊಬ್ಬನೇ.

ಚಿತ್ರ ಬಿಡುಗಡೆಯಾದಾಗ ಚರ್ಚಿನ ವ್ಯಾನಿನಲ್ಲಿ ಎಲ್ಲರೂ ಹೋದೆವು. ಬಿಸ್ಕೆಟ್ ಅಜ್ಜಿ ಕುರ್ಚಿ ಮುರಿದಳು, ಗಂಡಸರನ್ನು ಅಟ್ಟಿದಳು, ಅದೇ ಸೊಂಟ ಎಸೆದಳು. ಜನ ನಕ್ಕರು. ಓಜೆಲಾ ನಕ್ಕು, ಪಕ್ಕಕ್ಕೆ ನೋಡಿ, ಕೆಮ್ಮಿದರು. ಆದರೆ ಚರ್ಚಿನ ದೃಶ್ಯ ಬರಲೇ ಇಲ್ಲ. ಬಾಗಿಲೂ ಇಲ್ಲ, ಬೆಂಚೂ ಇಲ್ಲ. ಕೊನೆಯ ಹೆಸರು ಸರಿಯುವ ತನಕ ಮಿಸ್ ವರ್ಡೆಲ್ ಕಾದರು.

"ತೆಗೆಸಿದ್ದಾನೆ ನೋಡು," ಎಂದರು ಓಜೆಲಾ. "ಮನಸ್ಸು ಕರಗಿದೆ ಪಾಪ."

"ಇಲ್ಲಾ, ಎರಡನೇ ಭಾಗಕ್ಕೆ ಇಟ್ಕೊಂಡಿದ್ದಾನೆ."

ಮುಂದಿನ ಭಾನುವಾರ ಲಮಾಂಟ್ ಬಂದ, ಬರಿಯ ಸೂಟಿನಲ್ಲಿ, ತಡವಾಗಿ. ಡೀಕನ್ ಆಗಲೇ ಸೆರೆಮನೆಯ ತನಕ ಬಂದಿದ್ದರು. ಅಂಗೈ ಮೇಲೆದ್ದಿತು. ಅವನು ಹೊರಗೆ ಬಿಸಿಲಲ್ಲಿ ತಲೆ ಬಾಗಿಸಿ ನಿಂತ. ಆಮೆನ್ ಆದ ಮೇಲೆ ಎರಡು ಬೆರಳು. ಅವನು ಎರಡನೇ ಬೆಂಚಿಗೆ ನಡೆದುಹೋಗುವಾಗ ಮಿಸ್ ವರ್ಡೆಲ್ ಕಣ್ಣು ಅವನ ಸೊಂಟದ ಮೇಲಿತ್ತು.

ಊಟಕ್ಕೆ ಕೂತಾಗ ಕೇಳಿದೆ, "ಹೇಗಿತ್ತು ಅವನ ನಡಿಗೆ?"

"ನೆಟ್ಟಗೇ ನಡೆದ," ಎಂದು ಅವರು ಎದುರಿದ್ದ ಸಲಾಡನ್ನು ನನ್ನ ಕಡೆ ಸರಿಸಿದರು. "ಅದೇ ನನಗೆ ಅನುಮಾನ."